ಮೇಲಿನ ಎರಡು ಸಾಲು

ಕಳೆದ ತಿಂಗಳು ತೀರಿಕೊಂಡ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರಬಾರದ ಕಡೆಯಲ್ಲೆಲ್ಲ ಅದು ಈಗಾಗಲೇ ಸಾಕಷ್ಟು ಬಂದುಹೋಗಿದೆ. ಫೋನಿನಲ್ಲಿ ಆ ಹೆಸರು ಹಾಕಿ ಹುಡುಕಿದರೆ ಇವತ್ತಿಗೂ ಮೊದಲು ಸಿಗುವುದು ಕೆಂಪು ಅಕ್ಷರಗಳ, ಎದೆ ನಡುಗಿಸುವ ಸಂಗೀತದ ಒಂದು ವಿಡಿಯೋ. ನಲವತ್ತು ವರ್ಷ ಸಿದ್ದಾಪುರದ ಒಂದು ಮೆಟ್ಟಿಲ ಕೆಳಗೆ ಕುಳಿತು ಊರಮಂದಿಯ ಅರ್ಜಿ ಬರೆದುಕೊಟ್ಟವರ ಬಗ್ಗೆ ಫೋನಿಗೆ ಗೊತ್ತಿರುವುದು ಅಷ್ಟೇ. ಹಾಗಾಗಿದ್ದರಲ್ಲಿ ನನ್ನ ಪಾಲೂ ಇದೆ. ಹೇಳುತ್ತೇನೆ, ಸ್ವಲ್ಪ ತಡೆಯಿರಿ. ತಪ್ಪು ಒಪ್ಪಿಕೊಳ್ಳುವ ವಿಷಯದಲ್ಲಿ ನಾನು ಮೊದಲಿನಿಂದಲೂ ನಿಧಾನದವನು.

ನನ್ನ ಕಸುಬು ವಿಮೆ ಮಾಡಿಸುವುದು. ಚೆನ್ನಾಗಿ ಊಟ ಮಾಡಿ ಕುಳಿತವರ ಎದುರು ಕುಳಿತು 'ನಾಳೆ ಏನಾದರೂ ಆದರೆ' ಎಂದು ಶುರುಮಾಡಬೇಕಾದ ಕೆಲಸ. ಇದಕ್ಕೆ ತರಬೇತಿ ಕೊಡುತ್ತಾರೆ, ನನಗೆ ಬೇಕಾಗಲಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಕೋಲಸಿರ್ಸಿಯ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದು ಮನೆಗೆ ನಡೆದು ಹೋದವನು ನಾನು, ಅದೂ ಒಂದು ಸಲ ಅಲ್ಲ. ಅರ್ಜಿ ಬರೆಯುತ್ತಿದ್ದ ಅವರ ಮೇಜು ತಾಲೂಕು ಕಚೇರಿಯ ಎದುರಿನ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಕೆಲಸಕ್ಕೆಂದು ಬಂದ ಜನ ಅಲ್ಲಿ ಕಾಯುತ್ತ ನಿಲ್ಲುತ್ತಾರೆ, ಕಾಯುವವರಿಗೆ ಹೆದರಿಕೆ ಬೇಗ ಹಿಡಿಯುತ್ತದೆ ಎಂಬ ಲೆಕ್ಕಾಚಾರದಿಂದ ನಾನು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅವರ ಪಕ್ಕ ಹಾಕಿಕೊಂಡೆ. ಅವರು ಬೇಡ ಅನ್ನಲಿಲ್ಲ. ಕುರ್ಚಿಯ ಒಂದು ಕಾಲು ಕುಂಟುವುದನ್ನು ನೋಡಿ, ಒಂದು ಹಾಳೆಯನ್ನು ಮಡಚಿ ಅದರ ಕೆಳಗೆ ಇಟ್ಟು, "ಕೂತ್ಕ ತಮ್ಮಾ" ಅಂದರು. ಹದಿನಾರು ವರ್ಷ ಕೂತೆ. ನಾನು ಅವರನ್ನು ಮಾವ ಎಂದು ಕರೆಯುತ್ತಿದ್ದೆ. ನೆಂಟಸ್ತನ ಹುಡುಕಿದರೆ ಎಲ್ಲೋ ಸಿಕ್ಕೀತು, ಹುಡುಕುವ ಗೋಜಿಗೆ ಇಬ್ಬರೂ ಹೋಗಲಿಲ್ಲ.

ಭೈರುಂಬೆಯ ಹತ್ತಿರದ ಮನೆಯಿಂದ ಶಿರಸಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ದಿನಾ ಸಿದ್ದಾಪುರಕ್ಕೆ ಬರುತ್ತಿದ್ದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಒಂದು ರೆಕ್ಸಿನ್ ಚೀಲ. ಚೀಲದಲ್ಲಿ ಹಾಳೆ, ಕಾರ್ಬನ್ ಕಾಗದ, ಶಾಯಿ ಬಾಟಲಿ, ಅವಲಕ್ಕಿಯ ಡಬ್ಬಿ. ಬಾಲ್ ಪೆನ್ನು ಕಾರ್ಬನ್ನಿಗೆ ಮಾತ್ರ. ಉಳಿದದ್ದಕ್ಕೆಲ್ಲ ಶಾಯಿ ಪೆನ್ನು. ಮಾತು ಹೊಳೆಯದಿದ್ದಾಗ ಪೆನ್ನಿನ ನಿಬ್ಬನ್ನು ಬಲಗಿವಿಯ ಮೇಲಿನ ಕೂದಲಿಗೆ ಒರೆಸುವುದು ಅವರ ಅಭ್ಯಾಸ. ತಲೆ ಪೂರಾ ಬೆಳ್ಳಗಾದ ಮೇಲೂ ಅಲ್ಲೊಂದು ಕಡೆ ನೀಲಿ ಉಳಿದಿತ್ತು. ಕಚೇರಿಗೆ ಹೊಸದಾಗಿ ಬಂದವರು ಅವರನ್ನು ಹುಡುಕುವಾಗ ಕ್ಯಾಂಟೀನಿನವನು ಗುರುತು ಹೇಳುತ್ತಿದ್ದದ್ದು ಹಾಗೆಯೇ: ನೀಲಿ ತಲೆಯವರು.

ಅರ್ಜಿ ಬರೆಯುವವರು ಆ ಸಾಲಿನಲ್ಲಿ ಇನ್ನೂ ಇಬ್ಬರಿದ್ದರು. ಅವರ ಕೆಲಸ ಬೇಗ ಮುಗಿಯುತ್ತಿತ್ತು. ಬೇರೆ ಬೇರೆ ಅರ್ಜಿಗಳಿಗೆ ಮೊದಲೇ ಬರೆದಿಟ್ಟ ನಮೂನೆ, ಹೆಸರು ಊರು ತುಂಬಿದರಾಯಿತು. ಇವರದು ಹಾಗಲ್ಲ. ಬಂದವರನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿ ಮೊದಲು ಪೂರ್ತಿ ಕೇಳುವುದು. ಆಮೇಲೆ ಮೇಲ್ಗಡೆ ಎರಡು ಸಾಲು: ಹೇಳುವವರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕಸುಬು, ಕೆಳಗೆ ಊರು. ಅದರ ಕೆಳಗಿನದೆಲ್ಲ 'ನಾನು'. ಕೊನೆಗೆ ಅವರ ಸಹಿ ಅಥವಾ ಹೆಬ್ಬೆಟ್ಟು, ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ 'ಬರೆದವರು' ಎಂದು ತಮ್ಮ ಹೆಸರು. ಹಳೇ ದಸ್ತಾವೇಜು ಬರೆಯುವವರ ರೂಢಿ ಅದು. ಅವರ ತಂದೆಯಿಂದ ಬಂದದ್ದು. ಒಂದೇ ದಿನದಲ್ಲಿ ಅವರು ಹತ್ತು ಗಂಟೆಗೆ ಗಂಡ ಸತ್ತ ಹೆಂಗಸಾಗಿರುತ್ತಿದ್ದರು, ಹನ್ನೊಂದಕ್ಕೆ ಕಾಲು ಮುರಿದ ಮೇಸ್ತ್ರಿ, ಊಟದ ಹೊತ್ತಿಗೆ ಅಣ್ಣನೊಂದಿಗೆ ಬೇಲಿ ಜಗಳ ತೆಗೆದ ತಮ್ಮ. ಅವರ ಹೆಂಡತಿ, ಅಂದರೆ ನನ್ನ ಲೆಕ್ಕದಲ್ಲಿ ಅತ್ತೆ, ಒಮ್ಮೆ ನನಗೆ ಹೇಳಿದ್ದರು: ಸಂಜೆ ಇವರು ಮನೆಗೆ ಬಂದು ಕೈಕಾಲು ತೊಳೆದ ಮೇಲೆಯೇ ಇವತ್ತು ಯಾರು ಬಂದಿದ್ದಾರೆ ಎಂದು ನೋಡುವುದು.

ಬರೆದಾದ ಮೇಲೆ ಓದಿ ಹೇಳುವುದು. ಇದರಲ್ಲಿ ವಿನಾಯಿತಿ ಇಲ್ಲ. ಅಕ್ಷರ ಬಲ್ಲವರಿಗೂ ಓದಿ ಹೇಳುತ್ತಿದ್ದರು, ಮೇಲಿನ ಎರಡು ಸಾಲಿನಿಂದ ಶುರುಮಾಡಿ. ಓದಿ ಮುಗಿದ ಮೇಲೆ ಕನ್ನಡಕದ ಮೇಲಿಂದ ನೋಡಿ ಒಂದೇ ಪ್ರಶ್ನೆ, ಹವ್ಯಕರಿಗೆ ಅವರ ಭಾಷೆಯಲ್ಲಿ, ಬನವಾಸಿ ಕಡೆಯವರಿಗೆ ಅವರದರಲ್ಲಿ: ಇದು ನಿಮ್ಮದೇ ಮಾತು ಹೌದಾ? ಹೌದು ಎಂದರೆ ಮಾತ್ರ ಸಹಿ. ತಮ್ಮನ ಮೇಲೆ ಅರ್ಜಿ ಬರೆಸಿದ ಒಬ್ಬ ಹೆಂಗಸು, ಓದಿ ಹೇಳಿದ್ದನ್ನು ಕೇಳಿ ಸೆರಗಿನಿಂದ ಮೂಗು ಒರೆಸಿಕೊಂಡು, ಇಷ್ಟೆಲ್ಲ ನಾನು ಅಂದೆನಾ ಎಂದು ಎದ್ದು ಹೋದದ್ದನ್ನು ನೋಡಿದ್ದೇನೆ. ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಕೆಲಸ ಹೋಯಿತಲ್ಲ ಎಂಬ ಬೇಸರ ನನಗಾಯಿತು, ಅವರಿಗಲ್ಲ.

ಇನ್ನೊಂದು ಹಠ ಅವರಿಗಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು. ಪಿಂಚಣಿಗೆ ಬಂದ ಮುದುಕರಿಗೆ ಹುಟ್ಟಿದ ತಾರೀಕು ಇರುವುದಿಲ್ಲ. ಪಕ್ಕದ ಮೇಜಿನವರು ಸಾರಾಸಗಟು ಜೂನ್ ಒಂದು ಹಾಕುತ್ತಿದ್ದರು. ಇವರು 'ತಾರೀಕು ನನಗೆ ಗೊತ್ತಿಲ್ಲ. ಹೊಳೆ ಉಕ್ಕಿ ಕಾಲುಸಂಕ ಕೊಚ್ಚಿಹೋದ ವರ್ಷ ಹುಟ್ಟಿದೆನೆಂದು ತಾಯಿ ಹೇಳುತ್ತಿದ್ದಳು' ಎಂದು ಬರೆದು, ಅರ್ಜಿ ವಾಪಸು ಬಂದರೆ ಮತ್ತೆ ಹಾಗೇ ಕಳಿಸುತ್ತಿದ್ದರು. ನನ್ನ ಮನೆಯ ಮಗ್ಗುಲಲ್ಲಿ ರಸ್ತೆಗೆ ವಾಲಿದ ಒಂದು ಮತ್ತಿಮರವಿದೆ. ಅದು ಬಿದ್ದೇ ಬೀಳುತ್ತದೆ ಎಂದು ಅರಣ್ಯ ಇಲಾಖೆಗೆ ಅರ್ಜಿ ಬರೆಸಿದೆ. ಅವರು ಓದಿ ಹೇಳಿದ್ದು ಹೀಗಿತ್ತು: 'ಮರ ಬೀಳುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನನಗೆ ಹೆದರಿಕೆಯಾಗುತ್ತಿರುವುದು ನಿಜ.' ಇದನ್ನು ಕೊಟ್ಟರೆ ನಗುತ್ತಾರೆ ಮಾವ ಎಂದೆ. "ಸುಳ್ಳು ಎಲ್ಲಿದ್ದು ಹೇಳು" ಅಂದರು. ಹುಡುಕಿದೆ, ಇರಲಿಲ್ಲ. ಮರ ಈಗಲೂ ಹಾಗೇ ನಿಂತಿದೆ, ಹೆದರಿಕೆಯೂ.

ಇನ್ನು ಗಿರಣಿಯ ವಿಷಯ.

ಕೋಲಸಿರ್ಸಿಗೆ ಹೋಗುವ ರಸ್ತೆಯ ಬದಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಯಜಮಾನ ನಮ್ಮ ಕಡೆಯ ಎಲ್ಲ ಮನೆಗೂ ಪರಿಚಿತ. ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು ಕೂತಿರುತ್ತಿತ್ತು. ಗಿರಣಿಯ ಸದ್ದಿನಲ್ಲಿ ಮಾತು ಕೇಳದ ಕಾರಣ ಎಲ್ಲದಕ್ಕೂ ಕೈ ಎತ್ತಿ ನಕ್ಕುಬಿಡುವ ಮನುಷ್ಯ. ಮೂರು ವರ್ಷದ ಕೆಳಗೆ ಒಂದು ಮಧ್ಯಾಹ್ನ, ಅಕ್ಕಿಹಿಟ್ಟು ಒಯ್ಯಲು ಬಂದವರು ನೋಡುವಾಗ ಅವನು ಒಳಗೆ ಸತ್ತು ಬಿದ್ದಿದ್ದ. ತಲೆಗೆ ಹೊಡೆದಿದ್ದರು. ಯಂತ್ರದ ಪಟ್ಟಿ ಇನ್ನೂ ಸದ್ದು ಮಾಡುತ್ತ ತಿರುಗುತ್ತಿತ್ತು, ಹಾಗಾಗಿ ಅಕ್ಕಪಕ್ಕದವರಿಗೆ ಏನೂ ಕೇಳಿರಲಿಲ್ಲ. ಯಾರು, ಯಾಕೆ ಎಂಬುದು ಅವತ್ತೂ ತಿಳಿಯಲಿಲ್ಲ, ಇವತ್ತಿನವರೆಗೂ ತಿಳಿದಿಲ್ಲ.

ಒಂದು ತಿಂಗಳೊಳಗೆ ವಾಟ್ಸಾಪಿನಲ್ಲಿ 'ಗಿರಣಿ ಸತ್ಯಶೋಧನೆ' ಎಂಬ ಗುಂಪು ಹುಟ್ಟಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಜನ. ಶಿರಸಿಯ ಒಬ್ಬ ನಿವೃತ್ತ ಬ್ಯಾಂಕಿನವರು ಬಣ್ಣದ ಪೆನ್ಸಿಲಿನಲ್ಲಿ ಗಿರಣಿಯ ನಕ್ಷೆ ಬರೆದು ದಿನಕ್ಕೊಂದು ಬಾಣದ ಗುರುತು ಸೇರಿಸುತ್ತಿದ್ದರು. ಹೆಗಡೆಕಟ್ಟಾ ಕಡೆಯ ಒಬ್ಬಾಕೆಗೆ ಕನಸು ಬೀಳುತ್ತಿತ್ತು, ಕನಸಿನಲ್ಲಿ ಕೊಲೆಗಾರ ಯಾವಾಗಲೂ ಬೆನ್ನು ಹಾಕಿ ನಿಂತಿರುತ್ತಿದ್ದ. ನಾನು ದೂರ ನಿಂತು ನಗುತ್ತಿದ್ದೆ ಎಂದುಕೊಳ್ಳಬೇಡಿ. ಕೋಲಸಿರ್ಸಿ ಬಸ್ಸಿನ ಹೊತ್ತುಗಳನ್ನೆಲ್ಲ ಪಟ್ಟಿ ಮಾಡಿ, ಕೊಲೆ ಮಾಡಿದವನು ಬಸ್ಸಿನಲ್ಲಿ ಬಂದಿರಲು ಸಾಧ್ಯವೇ ಇಲ್ಲ ಎಂದು ಸಾಧಿಸಿದವನು ನಾನು. ಇಪ್ಪತ್ತೇಳು ಜನ ಹೆಬ್ಬೆಟ್ಟು ಎತ್ತಿದ ಚಿತ್ರ ಹಾಕಿದರು. ನನ್ನ ಮದುವೆಯಲ್ಲಿಯೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಗುಂಪು ಕಟ್ಟಿದಾತ ಏನೋ ಹೆದರಿಕೆ ಹುಟ್ಟಿ ಒಂದು ಬೆಳಿಗ್ಗೆ ಗುಂಪು ಬಿಟ್ಟು ಹೋದ. ಇದ್ದ ಒಬ್ಬನೇ ಅಡ್ಮಿನ್ ಹೋದರೆ ಉಳಿದವರಲ್ಲಿ ಒಬ್ಬರ ತಲೆಗೆ ಆ ಪಟ್ಟ ತಾನಾಗಿ ಬಂದು ಕೂರುತ್ತದಂತೆ. ಹಲ್ಲುಜ್ಜುತ್ತ ಫೋನು ನೋಡಿದರೆ ನಾನು ಅಡ್ಮಿನ್. ಆ ಕ್ಷಣದಿಂದ ಮುನ್ನೂರು ಚಿಲ್ಲರೆ ಜನ ಏನು ಬರೆದರೂ ಪೊಲೀಸರು ಹಿಡಿಯುವುದು ನನ್ನನ್ನೇ ಎಂಬ ಚಿಂತೆ ಅಂಟಿಕೊಂಡಿತು. ಬಿಟ್ಟು ಹೋಗಬಹುದಿತ್ತು, ಹಾಗೆ ಬಿಟ್ಟರೆ ಇವನ್ಯಾಕೆ ಬಿಟ್ಟ ಎಂದು ಕೇಳುತ್ತಾರಲ್ಲ.

ಮಾವನಿಗೆ ಗುಂಡಿ ಒತ್ತುವ ಸಣ್ಣ ಫೋನು. ಗುಂಪಿನಲ್ಲಿ ಬಂದದ್ದನ್ನು ನಾನೇ ಆಗಾಗ ಓದಿ ಹೇಳುತ್ತಿದ್ದೆ. ಅವಲಕ್ಕಿ ತಿನ್ನುತ್ತ ಕೇಳುತ್ತಿದ್ದರು. ಒಂದು ದಿನ ಕೇಳಿದರು, ಇಷ್ಟು ಜನರಲ್ಲಿ ಒಬ್ಬನಾದರೂ ಗೊತ್ತಿಲ್ಲ ಎಂದು ಬರೆದಿದ್ದಾನಾ. ಮೇಲೆ ಕೆಳಗೆ ಸರಿಸಿ ನೋಡಿದೆ. ಇರಲಿಲ್ಲ.

ಆಮೇಲೆ ಗುಂಪಿನ ಕಣ್ಣು ಒಲೆ ರಿಪೇರಿಯವನ ಮೇಲೆ ಬಿತ್ತು. ಆ ದಿನ ಬೆಳಿಗ್ಗೆ 'ಕುಕ್ಕರ್ ರಿಪೇರಿ, ಗ್ಯಾಸ್ ಒಲೆ ರಿಪೇರಿ' ಎಂಬ ಧ್ವನಿಮುದ್ರಣ ಆ ರಸ್ತೆಯಲ್ಲಿ ಕೇಳಿತ್ತು ಎಂದು ಯಾರೋ ಬರೆದರು. ಮೊಪೆಡ್ಡಿಗೆ ಸಣ್ಣ ಮೈಕು ಕಟ್ಟಿಕೊಂಡು ಹಳ್ಳಿ ತಿರುಗುವ ರಿಪೇರಿಯವರು ನಾಲ್ಕೈದು ಜನ ಇರಬಹುದು. ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಆದರೆ ಹೆಸರು ಬೇಕಾಗಲಿಲ್ಲ. ಅವನ ಚೀಲದಲ್ಲಿ ಸುತ್ತಿಗೆ ಇರುತ್ತದೆ, ಮನೆ ಒಳಗೆಲ್ಲ ನೋಡಿ ಹೋಗುತ್ತಾನೆ ಎಂದು ಬ್ಯಾಂಕಿನವರ ನಕ್ಷೆಯಲ್ಲಿ ಮೊಪೆಡ್ಡಿನ ಚಿತ್ರವೂ ಬಂತು.

ನಿಜಕ್ಕೂ ಆ ದಿನ ಅಲ್ಲಿ ಹೋಗಿದ್ದವನು ಬನವಾಸಿ ಕಡೆಯವನೊಬ್ಬ. ಅವನು ಒಂದು ಸೋಮವಾರ ಮಾವನ ಮೇಜಿಗೆ ಬಂದ. ಪೊಲೀಸರು ಅವನನ್ನು ಆಗಲೇ ಕರೆಸಿ ವಿಚಾರಿಸಿ, ಕೊಲೆಯ ಹೊತ್ತಿಗೆ ಅವನು ಬೇರೆ ಊರಿನ ಮನೆಯೊಂದರಲ್ಲಿ ಒಲೆ ಬಿಚ್ಚಿ ಕೂತಿದ್ದನ್ನು ಖಾತ್ರಿ ಮಾಡಿಕೊಂಡು ಬಿಟ್ಟಿದ್ದರು. ಅವರ ಕಾಟ ಇರಲಿಲ್ಲ. ಕಾಟ ಇದ್ದದ್ದು ಮೈಕಿನ ಸದ್ದು ಕೇಳಿದೊಡನೆ ಹಾಕಿಕೊಳ್ಳುವ ಬಾಗಿಲುಗಳದ್ದು. ಹನ್ನೆರಡು ದಿನದಿಂದ ಒಂದು ಕುಕ್ಕರಿನ ರಬ್ಬರೂ ಹಾಕಿಲ್ಲ ಎಂದ. ಮನೆಯ ಹೆಂಗಸರು ಒಳಗೆ ಕರೆದರೆ ಮಾತ್ರ ಅವನಿಗೆ ಕೆಲಸ. "ನನ್ನ ಮಾತು ಅವ್ರಿಗೆ ಮುಟ್ಟೂ ಹಂಗ ಬರ್ದು ಕೊಡ್ರಿ" ಎಂದು ಸ್ಟೂಲಿನ ತುದಿಯಲ್ಲಿ ಕೂತ. ಮಾವ ಬರೆದರು. ಮೇಲೆ ಎರಡು ಸಾಲು, ಅವನ ಹೆಸರು, ಕಸುಬು, ಊರು. ಕೆಳಗೆ ಹೀಗೆ:

'ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ಗಿರಣಿಯಲ್ಲಿದ್ದದ್ದು ನಿಜ. ಅವರ ಕೈಯಿಂದ ನೀರು ಈಸಿಕೊಂಡು ಕುಡಿದದ್ದು ನಿಜ. ನಾನು ಹೊರಡುವಾಗ ಅವರು ಕೈ ಎತ್ತಿ ನಕ್ಕದ್ದು ನಿಜ. ಆಮೇಲೆ ಯಾರು ಬಂದರು, ಏನಾಯಿತು, ನನಗೆ ಗೊತ್ತಿಲ್ಲ. ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳಬೇಡಿ.'

ಓದಿ ಹೇಳಿದರು. ಹೌದಾ ಎಂದು ಕೇಳಿದರು. ಹೌದೆಂದು ಅವನು ಸಹಿ ಮಾಡಿದ. ಕೆಳಗೆ ತಮ್ಮ ಹೆಸರು ಬರೆದು, ಕಾರ್ಬನ್ ಪ್ರತಿ ಚೀಲಕ್ಕೆ ಹಾಕಿ, ಮೇಲಿನದನ್ನು ನನ್ನ ಕೈಗೆ ಕೊಟ್ಟರು, ಗುಂಪಿಗೆ ಹಾಕು ಎಂದು.

ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ಚಿಂತೆ ಶುರುವಾಯಿತು. ಒಬ್ಬ ಮನುಷ್ಯನ ಹೆಸರು, ಊರು ಗುಂಪಿನಲ್ಲಿ ಹಾಕುವುದು. ನಾಳೆ ಅವನಿಗೆ ಯಾರಾದರೂ ಹೊಡೆದರೆ, ಅಡ್ಮಿನ್ ಯಾರು? ಹಾಗಾಗಿ ಫೋಟೋ ತೆಗೆಯಲಿಲ್ಲ. ಟೈಪು ಮಾಡಿದೆ, ಮೇಲಿನ ಎರಡು ಸಾಲು ಬಿಟ್ಟು. ಅವನ ಸಹಿಯ ಹೆಸರನ್ನೂ ಬಿಟ್ಟೆ. ಕಳಿಸುವ ಮೊದಲು ಇನ್ನೊಂದು ಚಿಂತೆ ಬಂತು: ಬರೀ ಇಷ್ಟೇ ಹಾಕಿದರೆ ಇದು ನಾನೇ ಬರೆದದ್ದು ಎಂದು ತಿಳಿದರೆ? ಅದಕ್ಕೆ ಕೆಳಗೆ 'ಬರೆದವರು' ಎಂದು ಮಾವನ ಹೆಸರನ್ನು ಮಾತ್ರ ಉಳಿಸಿದೆ. ಎರಡು ಸಲ ಓದಿ ನೋಡಿ, ಎಲ್ಲೂ ನಾನಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಳಿಸಿದೆ. ಜೀವನದಲ್ಲಿ ಅಷ್ಟು ಎಚ್ಚರಿಕೆಯಿಂದ ನಾನು ಇನ್ನೊಂದು ಕೆಲಸ ಮಾಡಿಲ್ಲ.

ಸಿದ್ದಾಪುರ ಪೇಟೆಯವರಿಗೆ ಅವರು ಯಾರೆಂದು ಗೊತ್ತು, ಅರ್ಜಿ ಬರೆಯುವ ರೀತಿಯೂ ಗೊತ್ತು. ಯಲ್ಲಾಪುರದವರಿಗೆ ಏನು ಗೊತ್ತು? ಅಲ್ಲಿ ಮದುವೆ ವಿಡಿಯೋ ತೆಗೆಯುವ ಒಬ್ಬಾತ ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಒಂದು ಚಾನೆಲ್ ನಡೆಸುತ್ತಿದ್ದ. ಎರಡು ದಿನದಲ್ಲಿ ಅವನ ವಿಡಿಯೋ ಬಂತು. ತಲೆಬರಹ: 'ಗಿರಣಿಯಲ್ಲಿ ತಾನಿದ್ದೆನೆಂದು ಒಪ್ಪಿಕೊಂಡ ಅರ್ಜಿ ಬರಹಗಾರ'. ಮಾವನ ಹೆಸರು ಕೆಂಪಿನಲ್ಲಿ, ಹಿಂದೆ ಡೋಲಿನ ಸದ್ದು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಕ್ಯಾಂಟೀನಿನವನು ಅವರಿಗೆ ವಿಡಿಯೋ ತೋರಿಸಿ ಆಗಿತ್ತು. ಮಾವ ನೀನು ಗುಂಪಿಗೆ ಹಾಕಿದ್ದನ್ನು ಓದು ಎಂದರು. ನಾನು ನಿಂತೇ ಓದಿದೆ. ಓದಲು ಅಷ್ಟು ಉದ್ದವಿರಲಿಲ್ಲ.

"ಮೇಲಿನ ಎರಡು ಸಾಲು ಎಲ್ಲೋತು ತಮ್ಮಾ?"

"ಹೆಸರು ಹಾಕಿರೆ ಅವಂಗೆ ತೊಂದ್ರೆ ಆಗ್ತು ಹೇಳಿ..." ಎಂದೆ.

ಅವರು ನಿಬ್ಬನ್ನು ಕೂದಲಿಗೆ ಒರೆಸಿದರು. ಮತ್ತೆ ಒರೆಸಿದರು.

"ಕೆಳಗಿಂದು ಮಾತ್ರ ಇಟ್ಯ?"

ಬೈದಿದ್ದರೆ ಚೆನ್ನಾಗಿತ್ತು. ಅವರು ಕ್ಯಾಂಟೀನಿಗೆ ಕೈ ಮಾಡಿ ಒಂದು ಚಾ ತರಿಸಿ, ದಿನದಂತೆ ಅರ್ಧ ನನಗೆ ಬಗ್ಗಿಸಿದರು. ಅದನ್ನು ಕುಡಿಯುವುದು ಎಷ್ಟು ಕಷ್ಟವಾಯಿತೆಂದರೆ ನಾಲಗೆ ಸುಟ್ಟಿದ್ದೂ ಆಮೇಲೆ ತಿಳಿಯಿತು.

ಆ ದಿನವೇ ನಾನು ಗುಂಪಿನಲ್ಲಿ ಬರೆದೆ: ಕೊಲೆಯಾದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಇದು ಸತ್ಯ. ಒಂದು ನಿಮಿಷದಲ್ಲಿ ಯಾರೋ ಕೇಳಿದರು, ಹಾಗಾದರೆ ಅಡ್ಮಿನ್ ಸಾಹೇಬರು ಅವರನ್ನು ಯಾಕೆ ರಕ್ಷಿಸುತ್ತಿದ್ದಾರೆ, ಇವರೂ ಜೊತೆಗಿದ್ದರೋ ಏನೋ. ಸಂದೇಶ ಅಳಿಸಿದೆ. 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಅಲ್ಲೇ ಉಳಿಯಿತು, ಅದನ್ನು ಯಲ್ಲಾಪುರದವನು ತನ್ನ ಎರಡನೇ ವಿಡಿಯೋದಲ್ಲಿ ಹಾಕಿಕೊಂಡ.

ಪೊಲೀಸರು ಮಾವನನ್ನು ಕರೆದರು. ಅವರು ಕಾರ್ಬನ್ ಪ್ರತಿ ತೋರಿಸಿ, ಅಲ್ಲೇ ಚಾ ಕುಡಿದು, ಅರ್ಧ ಗಂಟೆಯಲ್ಲಿ ವಾಪಸು ಬಂದರು. ಅದೇ ಪ್ರತಿಯ ಫೋಟೋವನ್ನು ಗುಂಪಿಗೂ ಹಾಕಿಬಿಡುತ್ತೇನೆ, ನಾನು ಮಾಡಿದ್ದನ್ನೂ ಬರೆಯುತ್ತೇನೆ ಎಂದೆ. ಅಷ್ಟರಮಟ್ಟಿಗೆ ನನ್ನನ್ನು ಹೊಗಳಿಕೊಳ್ಳಬಹುದು. ಅವರು ಬೇಡ ಎಂದರು. ಒಲೆ ರಿಪೇರಿಯವನು ಬೆಳಿಗ್ಗೆ ಬಂದು ಹೋಗಿದ್ದನಂತೆ. ಗುಂಪಿನವರು ಹೊಸ ಮನುಷ್ಯ ಸಿಕ್ಕ ಮೇಲೆ ಅವನನ್ನು ಮರೆತಿದ್ದರು, ಎರಡು ಮನೆಯವರು ಒಳಗೆ ಕರೆದು ಒಲೆ ತೋರಿಸಿದ್ದರು.

"ಈಗ ಆ ಕಾಗದ ಹಾಕಿರೆ ಜನ ಮತ್ತೆ ಅವನ ಹಿಂದೆ ಹೋಗ್ತ. ಅವಂಗೆ ಹತ್ತೂರಿನ ಅಡಿಗೆಮನೆ ಬೇಕು ತಮ್ಮಾ. ಎಂಗೆ ಈ ಮೇಜು ಸಾಕು."

"ಎಷ್ಟು ದಿನ ಮಾವ ಹೀಂಗೆ?"

"ಮಾಡಿದವ ಸಿಕ್ಕೂವರೆಗೆ. ಸಿಕ್ಕಿದ ಮೇಲೆ ಎಲ್ಲಾ ಸರಿ ಆಗ್ತು."

ಮಾಡಿದವನು ಸಿಕ್ಕಲಿಲ್ಲ. ಆ ಮಾತಿನ ಮೇಲೆ ಅವರು ಎರಡು ವರ್ಷ ಕೂತರು. ನಾನೂ ಕೂತೆ. ಅವರು ಬೇಡ ಎಂದಾಗ ನನ್ನ ಮೈ ಹಗುರಾದದ್ದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮೇಜಿಗೆ ಬರುವವರು ನಿಂತುಹೋಗಲಿಲ್ಲ, ಕಡಿಮೆಯಾದರು. ಹಳೇ ಜನ ಬಂದರು. ದೂರದ ಊರಿನವರು ಪಕ್ಕದ ಮೇಜಿಗೆ ಹೋದರು. ಅವರು ಹೇಳಿಕೊಂಡ ಒಂದೇ ಬೇಸರವೆಂದರೆ ಬಸ್ಸಿನದು. ಶಿರಸಿ ಬಸ್ಸಿನಲ್ಲಿ ಅವರಿಗಾಗಿ ಯಾರಾದರೂ ಚೀಲವಿಟ್ಟು ಸೀಟು ಹಿಡಿದಿರುತ್ತಿದ್ದರು. ಈಗ ಹಿಡಿಯುವುದೇ ಬೇಡ, ತಾನು ಕೂತ ಸೀಟಿನ ಪಕ್ಕ ತಾನಾಗಿ ಖಾಲಿ ಇರುತ್ತದೆ, ಚೀಲ ಆರಾಮಾಗಿ ಕೂತು ಬರುತ್ತದೆ ಎಂದು ನಗುತ್ತ ಹೇಳಿದರು.

ಒಂದು ಸಲ ಬಿಳಿ ಪ್ಯಾಂಟಿನ ಒಬ್ಬರು ಬಂದು ಸ್ಟೂಲಿನ ಮೇಲೆ ಕೂತರು. ನಲವತ್ತು ದಾಟಿದ ಮನುಷ್ಯ. ಅಂಗಿಯ ಜೇಬಿನಿಂದ ಫೋನಿನ ಕಣ್ಣು ಇಣುಕುತ್ತಿತ್ತು. ಅರ್ಜಿ ಬರೆಸಬೇಕು ಎಂದವರು ಅರ್ಜಿಯ ಸುದ್ದಿ ಬಿಟ್ಟು, ಗಿರಣಿ ಪ್ರಕರಣದ ದಿನ ನೀವು ಎಲ್ಲಿದ್ದಿರಿ ಸಾರ್ ಎಂದು ಶುರುಮಾಡಿದರು. ಮಾವ ಅವರ ಹೆಸರು, ತಂದೆಯ ಹೆಸರು, ಕಸುಬು, ಊರು ಕೇಳಿ ಸಾವಕಾಶವಾಗಿ ಬರೆದುಕೊಂಡರು. ಬರೆದು ಓದಿ ಹೇಳಿದರು: 'ನನಗೆ ಸಂಬಂಧವಿಲ್ಲದ ಒಂದು ಸಾವಿನ ಬಗ್ಗೆ, ನನಗೆ ಪರಿಚಯವಿಲ್ಲದ ಒಬ್ಬರನ್ನು, ಅವರ ಅರಿವಿಗೆ ಬಾರದಂತೆ ಜೇಬಿನಲ್ಲಿ ಫೋನಿಟ್ಟು ಕೇಳಲು ಬಂದಿದ್ದೇನೆ.' ಕನ್ನಡಕದ ಮೇಲಿಂದ ನೋಡಿ, ನಿಮ್ಮದೇ ಮಾತು ಹೌದಾ ಎಂದು ಕೇಳಿ ಪೆನ್ನು ಮುಂದೆ ಹಿಡಿದರು. ಆ ಮನುಷ್ಯ ಮೆಟ್ಟಿಲಿಗೆ ತಲೆ ತಾಗಿಸಿಕೊಂಡು ಎದ್ದು ಹೋದರು.

ಎಲ್ಲವೂ ಕಂಪ್ಯೂಟರಿನಲ್ಲಿಯೇ ಆಗತೊಡಗಿದ ಮೇಲೆ, ಕಣ್ಣೂ ಮಂದವಾದ ಮೇಲೆ, ಹೋದ ವರ್ಷ ಅವರು ಬರುವುದನ್ನು ನಿಲ್ಲಿಸಿದರು. ಮೇಜು ನನಗೆ ಬಿಟ್ಟರು. ನಾನು ಎರಡು ಸಲ ಅವರ ಮನೆಗೆ ಹೋದೆ. ಎರಡು ಸಲವೂ ವಿಷಯ ತೆಗೆಯಬೇಕೆಂದು ಬಸ್ಸಿನಲ್ಲೆಲ್ಲ ವಾಕ್ಯ ಜೋಡಿಸಿಕೊಂಡು ಹೋಗಿ, ಅವರ ಉಬ್ಬಸ ನೋಡಿ ಔಷಧದ ಸುದ್ದಿ ಮಾತಾಡಿ ಬಂದೆ. ಮೂರನೇ ಸಲ ಹೋದದ್ದು ಹದಿಮೂರನೇ ದಿನದ ಊಟಕ್ಕೆ.

ಊಟ ಮುಗಿದು ಚಪ್ಪರದಲ್ಲಿ ಕವಳ ಹಾಕಿಕೊಳ್ಳುತ್ತ ಎಲ್ಲರೂ ಕೂತಿದ್ದರು. ನಕ್ಷೆ ಬರೆಯುವ ಬ್ಯಾಂಕಿನವರೂ ಬಂದಿದ್ದರು. ಮಾವನಿಗೆ ಅವರು ದೂರದ ಸಂಬಂಧವಂತೆ. ಒಳ್ಳೆಯ ಮನುಷ್ಯ, ಅದೊಂದು ಕಾಗದ ಯಾಕೆ ಬರೆದನೋ, ಅದೊಂದು ಹಾಗೇ ಉಳಿಯಿತು ಎಂದು ಅವರು ಸುಣ್ಣ ಹಚ್ಚುತ್ತ ಹೇಳಿದರು. ಇಬ್ಬರು ತಲೆ ಆಡಿಸಿದರು. ನಾನು ಅಡಿಕೆ ಹೋಳು ಹುಡುಕುವವನಂತೆ ತಟ್ಟೆ ನೋಡುತ್ತಿದ್ದೆ.

ಗೇಟಿನ ಹತ್ತಿರ ಮೊಪೆಡ್ಡು ನಿಂತಿತು. ಅದಕ್ಕೆ ಕಟ್ಟಿದ ಮೈಕಿಗೆ ಟವೆಲು ಸುತ್ತಿತ್ತು. ಒಲೆ ರಿಪೇರಿಯವನು ಚಪ್ಪರದ ಕಂಬದವರೆಗೆ ಬಂದು, ಒಳಗಿನಿಂದ ಬಂದ ಅತ್ತೆಗೆ ಕೈ ಮುಗಿದ. ಊಟಕ್ಕೆ ಏಳು ಎಂದರು ಅತ್ತೆ. ಆಮೇಲೆ ಎಂದ. ಹಿಂದೆ ಕೂತವರಿಗೂ ಕೇಳುವಂತೆ ಹೇಳಿದ:

"ಅಮ್ಮಾರ, ಆ ಕಾಗದ ನಂದ್ರಿ. ಮಾತು ನಂದು, ಬರ್ದಿದ್ದು ಅವ್ರು."

ಬ್ಯಾಂಕಿನವರ ಕೈಯಲ್ಲಿ ಎಲೆ ಹಾಗೇ ನಿಂತಿತು. "ಹಾಗಾದ್ರೆ ಅದರಲ್ಲಿ ನಿನ್ನ ಹೆಸರು ಯಾಕಿರಲಿಲ್ಲ ಮಾರಾಯಾ?"

"ಇತ್ರಿ. ಮೊದಲ್ನೇ ಸಾಲಿನಾಗ ನನ್ನ ಹೆಸ್ರು, ಎರಡ್ನೇ ಸಾಲಿನಾಗ ನಮ್ಮೂರು. ಓದಿ ಕೇಳಿಸ್ಯಾರ. ಸೈ ಮಾಡೀನಿ."

"ಮತ್ತೆ ಇಷ್ಟು ವರ್ಷ ಸುಮ್ಮನಿದ್ದೆ?"

"ನಾ ಇರೂತನಕ ಬಾಯಿ ಬಿಡಬ್ಯಾಡ ಅಂದಿದ್ರು." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಈಗ ಅವ್ರಿಲ್ಲಲ್ರಿ."

ಹೆಸರು ಹೇಗೆ ಹೋಯಿತು ಎಂದು ಯಾರೂ ಇನ್ನೂ ಕೇಳಿರಲಿಲ್ಲ. ಕೇಳುವವರೆಗೆ ಕಾಯಬಹುದಿತ್ತು. ಆದರೆ ಹತ್ತೂರಿನ ಬಾಗಿಲು ಮತ್ತೆ ಹಾಕಿಕೊಳ್ಳಬಹುದು ಎಂದು ಗೊತ್ತಿದ್ದೂ ಅವನು ಕಂಬದ ಹತ್ತಿರ ನಿಂತಿದ್ದ. ನಾನು ಜಮಖಾನೆಯ ಮೇಲೆ ಕೂತಿದ್ದೆ.

"ಹೆಸರು ತೆಗೆದಿದ್ದು ಆನು" ಎಂದೆ.

ಎಷ್ಟು ಸಣ್ಣಗೆ ಎಂದೆನೆಂದರೆ ಬ್ಯಾಂಕಿನವರು ಕಿವಿಗೆ ಕೈ ಹಿಡಿದು ಎಂತ ಎಂದು ಕೇಳಿದರು. ಮತ್ತೆ ಹೇಳಬೇಕಾಯಿತು. ಈ ಸಲ ಅಳತೆ ತಪ್ಪಿ ಜೋರಾಯಿತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರೂ ಕೈ ನಿಲ್ಲಿಸಿದರು. ಮೇಲಿನ ಸಾಲು ಯಾಕೆ ಬಿಟ್ಟೆ, ಕೆಳಗಿನದು ಯಾಕೆ ಇಟ್ಟೆ, ಎರಡನ್ನೂ ಹೇಳಿದೆ. ಬ್ಯಾಂಕಿನವರು ನನ್ನ ಕಡೆ ತಿರುಗಿದರು. ಅವರ ಮುಖ ನೋಡಿದರೆ ನಕ್ಷೆಯಲ್ಲಿ ನನಗೊಂದು ಬಾಣ ಹುಡುಕುತ್ತಿದ್ದಾರೆ ಅನ್ನಿಸಿತು. ಆಮೇಲೆ ತಲೆ ತಗ್ಗಿಸಿ, ಎಲೆಗೆ ಹಚ್ಚಿದ ಸುಣ್ಣವನ್ನೇ ಮತ್ತೆ ಹಚ್ಚತೊಡಗಿದರು.

ಅತ್ತೆ ಒಳಗೆ ಹೋಗಿ ರೆಕ್ಸಿನ್ ಚೀಲ ತಂದರು. ಅದರಿಂದ ಕಾರ್ಬನ್ ಪ್ರತಿ ತೆಗೆದು ನನ್ನ ಕೈಗೆ ಕೊಟ್ಟರು.

"ನೀನೇ ಬಂದು ಹೇಳ್ತೆ ಹೇಳಿ ಅವು ಹೇಳ್ತಿದ್ದ" ಎಂದರು. ಚೀಲ ಮುಚ್ಚುತ್ತ, "ತಡ ಆಗ್ತು ಹೇಳೂ ಹೇಳಿದ್ದ" ಎಂದರು.

ಒಲೆ ರಿಪೇರಿಯವನ ಊಟವಾದ ಮೇಲೆ ಇಬ್ಬರೂ ಜಗುಲಿಯ ಮೆಟ್ಟಿಲ ಮೇಲೆ ಕೂತೆವು. ನಾನು ಪ್ರತಿಯ ಫೋಟೋ ತೆಗೆದೆ. ಕೆಳಗೆ ನನ್ನದೊಂದು ಹೇಳಿಕೆ ಟೈಪು ಮಾಡಿದೆ, ಮೇಲೆ ಎರಡು ಸಾಲು ಹಾಕಿ: ನನ್ನ ಹೆಸರು, ತಂದೆಯ ಹೆಸರು, ಕಸುಬು, ಕೋಲಸಿರ್ಸಿ. ನಿನ್ನ ಹೆಸರು ಎಲ್ಲರಿಗೂ ಕಾಣುತ್ತದೆ, ಹಾಕಲೇ ಎಂದು ಅವನನ್ನು ಕೇಳಿದೆ.

"ಹಾಕ್ರಿ. ಆದ್ರ ಮೊದ್ಲ ಓದಿ ಹೇಳ್ರಿ."

ಓದಿದೆ. ಅವನದನ್ನು ಮೊದಲು, ಆಮೇಲೆ ನನ್ನದನ್ನು. ಅವನು ಕಣ್ಣು ಮುಚ್ಚಿ ಕೇಳಿದ. ನಿನ್ನದೇ ಮಾತು ಹೌದಾ ಎಂದು ಕೇಳಿದೆ. ಹೌದ್ರಿ ಎಂದ. ಆಮೇಲೆ ಕಣ್ಣು ತೆರೆದು, "ನಿಮ್ದು?" ಎಂದ. ನನ್ನದೂ ಹೌದು ಎಂದು ಕಳಿಸಿದೆ.

ಒಬ್ಬರು ಕೈ ಮುಗಿದ ಚಿತ್ರ ಹಾಕಿದರು. ಮೂವರು ಗುಂಪು ಬಿಟ್ಟರು. ಒಬ್ಬರು ಯಾವುದನ್ನೂ ಓದದೆ ಹೂವಿನ ಚಿತ್ರದೊಡನೆ ಶುಭದಿನ ಹಾರೈಸಿದರು. ಯಲ್ಲಾಪುರದವನು ಆ ವಿಡಿಯೋ ತೆಗೆಯುತ್ತೇನೆ ಎಂದು ಬರೆದಿದ್ದಾನೆ, ಇನ್ನೂ ತೆಗೆದಿಲ್ಲ; ಈಗ ಮುಹೂರ್ತಗಳ ತಿಂಗಳು. ಒಲೆ ರಿಪೇರಿಯವನು ಮೊನ್ನೆ ಫೋನು ಮಾಡಿದ್ದ, ಹೆಗಡೆಕಟ್ಟಾ ಕಡೆ ಒಂದು ಮನೆಯವರು ತನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆಂದು. ಉಳಿದ ಊರುಗಳಲ್ಲಿ ಕರೆಯುತ್ತಿದ್ದಾರಂತೆ.

ಆ ದಿನ ಕೊನೆಯಲ್ಲಿ ಬಂದದ್ದು ಒಂದು ಪ್ರಶ್ನೆ, ನನಗೆ ಪರಿಚಯವಿಲ್ಲದ ನಂಬರಿನಿಂದ: ಹಾಗಾದರೆ ಕೊಲೆ ಮಾಡಿದ್ದು ಯಾರು ಸಾರ್? ಒಲೆ ರಿಪೇರಿಯವನು ಮೊಪೆಡ್ಡಿನ ಮೈಕಿಗೆ ಸುತ್ತಿದ ಟವೆಲು ಬಿಚ್ಚುತ್ತಿದ್ದ. ನಾನು ಗೊತ್ತಿಲ್ಲ ಎಂದು ಟೈಪು ಮಾಡಿ, ಒಂದು ಸಲ ನನಗೆ ನಾನೇ ಓದಿ ಹೇಳಿಕೊಂಡು, ಕೆಳಗೆ ನನ್ನ ಹೆಸರು ಬರೆದೆ.